ಬಸಿಗಾಲುವೆಯ ಮೇಲೆ ಕಟ್ಟಿದ ಅಡುಗೆಮನೆ

2024ರ ಮಾರ್ಚಿನಲ್ಲಿ ನಾನು ಮದ್ದೂರಿನಲ್ಲಿ ‘ಪರಿಸರಸ್ನೇಹಿ ಮನೆಗಳ ತಜ್ಞ’ನಾಗಿದ್ದೆ. ಆ ಹುದ್ದೆಗೆ ನನ್ನನ್ನು ನೇಮಿಸಿದವನು ನಾನೇ. ವಯಸ್ಸು ಇಪ್ಪತ್ತಾರು. ಅರ್ಹತೆ: ಸಿವಿಲ್ ಡಿಪ್ಲೊಮಾ, ಮಣ್ಣಿನ ಮನೆ ಕಟ್ಟುವುದರ ಬಗ್ಗೆ ಹತ್ತು ದಿನದ ಶಿಬಿರ, ಮತ್ತು ಆ ಹತ್ತು ದಿನ ಬೋಳಿಸದೆ ಬಿಟ್ಟ ಗಡ್ಡ. ಶಿಬಿರದಿಂದ ಬಂದ ಮೇಲೆ ಯಾರ ಮನೆಗೆ ಹೋದರೂ ಗೋಡೆ ಮುಟ್ಟಿ ನೋಡಿ, “ಸಿಮೆಂಟಾ? ಛೆ” ಅನ್ನುತ್ತಿದ್ದೆ. ನಮ್ಮ ಮನೆಯಲ್ಲೂ ಅಂದೆ. ಅವ್ವ, “ಅಂಗಾರೆ ಒರ್ಗೇ ಮನಿಕೊ ಓಗು” ಅಂತ ಚಾಪೆಯನ್ನು ಅಂಗಳಕ್ಕೆ ಎಸೆದಳು.

ಇಂಥ ತಜ್ಞನನ್ನು ನಂಬಿ ಬಂದವರು ಜಯಕ್ಕ. ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್. ಒಬ್ಬರೇ ಇದ್ದವರು. ಮಂಡ್ಯದಲ್ಲಿ ಹದಿನೆಂಟು ವರ್ಷದಲ್ಲಿ ಏಳು ಬಾಡಿಗೆ ಮನೆ ಬದಲಿಸಿದ್ದರು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಿಂದ ಒಳಕ್ಕೆ, ನಾಲೆಯ ಕೆಳಗಿನ ಬಯಲಿನಲ್ಲಿ ಐದು ಗುಂಟೆ ಕೊಂಡು, ಗದ್ದೆಯನ್ನು ಮನೆ ಕಟ್ಟುವ ಜಾಗವೆಂದು ಬದಲಾಯಿಸಿಕೊಳ್ಳಲು ಒಂದು ವರ್ಷ ಕಚೇರಿ ಅಲೆದಿದ್ದರು.

“ಇಷ್ಟು ವರ್ಷ ನಿಂತ್ಕೊಂಡೇ ಬದುಕಿದೀನಿ ಕಣಪ್ಪ. ಕೂತ್ಕೊಳಕ್ಕೆ ನಂದೇ ಒಂದು ಜಗಲಿ ಬೇಕು. ನಾನೇ ತುಳೀತೀನಿ, ನಾನೇ ಕಟ್ತೀನಿ. ಎಂಗೆ ಅಂತ ನೀನು ತೋರ್ಸು, ಸಾಕು” ಅಂದರು.

ನಾನು ಆರಿಸಿದ್ದು ‘ಕಾಬ್’ ವಿಧಾನ. ಮಣ್ಣು, ಮರಳು, ಭತ್ತದ ಹುಲ್ಲು ಸೇರಿಸಿ ಕಾಲಲ್ಲಿ ತುಳಿದು, ಉಂಡೆ ಕಟ್ಟಿ, ಒಂದರ ಮೇಲೊಂದು ಪೇರಿಸಿ ಒಂದೂವರೆ ಅಡಿ ದಪ್ಪದ ಗೋಡೆ ಎಬ್ಬಿಸುವುದು. ಇದನ್ನು ನಾನು ಪ್ರೊಜೆಕ್ಟರ್ ಇಟ್ಟು ವಿವರಿಸಿದ ದಿನ ನಮ್ಮ ಇಬ್ಬರು ಕೂಲಿಯವರು ಕೊನೆಯವರೆಗೂ ಮರ್ಯಾದೆಯಿಂದ ಕೇಳಿ, “ನಮ್ಮಜ್ಜಿ ಕಟ್ಟಿದ್ದ ಕೊಟ್ಗೆನೂ ಇಂಗೇ ಅಲ್ವಾ ಸಾರ್?” ಅಂದರು.

ಜಯಕ್ಕ ವಾರದ ರಜೆ ದಿನಗಳನ್ನೆಲ್ಲ ಮಣ್ಣಿಗೆ ಕೊಟ್ಟರು. ಸೀರೆ ಎತ್ತಿಕಟ್ಟಿ ಬೆಳಿಗ್ಗೆ ಏಳಕ್ಕೆ ಗುಂಡಿಗೆ ಇಳಿದರೆ ಮಧ್ಯಾಹ್ನದವರೆಗೂ ತುಳಿತ. ಮುಂಬಾಗಿಲ ಪಕ್ಕದ ಗೋಡೆಯಲ್ಲಿ ಬುದ್ಧನ ಮೂರ್ತಿಗೊಂದು ಗೂಡನ್ನು ಅಂಗೈಯಲ್ಲೇ ಸವರಿ ಸವರಿ ಮಾಡಿದರು. ನನ್ನ ಪಾಲಿನ ಕೆಲಸ, ಚಿಟಿಕೆ ಮಣ್ಣನ್ನು ನಾಲಿಗೆಗೆ ಇಟ್ಟುಕೊಂಡು “ಜೇಡಿ ಮೂವತ್ತು ಪರ್ಸೆಂಟು” ಅನ್ನುವುದು. ಎರಡು ಸಲ ಹೊಟ್ಟೆ ಕೆಟ್ಟಿತು.

ಜಾಗದ ಉತ್ತರಕ್ಕೆ, ಮೇಲಿನ ಗದ್ದೆಗೆ ಅಂಟಿಕೊಂಡಂತೆ, ಮೂರಡಿ ಅಗಲದ ಒಂದು ಹಳ್ಳವಿತ್ತು. ಹಿಂದಿನ ಹಂಗಾಮಿನಲ್ಲಿ ನಾಲೆಗೆ ಸರಿಯಾಗಿ ನೀರು ಬಾರದೆ ಅದರಲ್ಲಿ ಪಾರ್ಥೇನಿಯಂ ಬೆಳೆದು ಒಣಗಿತ್ತು. ಸರ್ವೆ ನಕ್ಷೆ ಬಿಚ್ಚಿದರೆ ಅಳತೆ ಕಲ್ಲು ಹಳ್ಳದ ಆಚೆಗಿತ್ತು. ಅಂದರೆ ಹಳ್ಳ ನಮ್ಮದೇ! ತಳಪಾಯ ತೋಡಿದ ಮಣ್ಣು ಸುರಿದು ಮುಚ್ಚಿಸಿ, ಅಡುಗೆಮನೆಯನ್ನು ಮೂರಡಿ ಹಿಗ್ಗಿಸಿದೆ.

ಮೇಲಿನ ಗದ್ದೆಯ ಬೋರಣ್ಣ ಓಡಿ ಬಂದ. “ಲೇ ಎಂಜಿನೀರಪ್ಪ, ಅದ ಮುಚ್ಬ್ಯಾಡ್ವಲಾ. ಬಸಿಗಾಲುವೆ ಕಣ್ಲಾ ಅದು.”

ಬಸಿಗಾಲುವೆ ಅಂದರೆ ಗದ್ದೆಯಲ್ಲಿ ಹೆಚ್ಚಾದ ನೀರು ಬಸಿದು ಹೋಗುವ ದಾರಿ. ಇದು ನನಗೆ ಗೊತ್ತಿರಲಿಲ್ಲ ಅಂದರೆ ಸುಳ್ಳು. ಮದ್ದೂರಿನವನು ನಾನು. ಆದರೆ ನಮ್ಮ ಕಡೆಯವರಿಗೆ ಒಂದು ಕಾಯಿಲೆ ಇದೆ. ಬದುವಿನ ಪಕ್ಕದವನು ಬಾಯಿ ತೆರೆದರೆ ಸಾಕು, ಜಮೀನು ಒತ್ತಲು ಬಂದ ಅಂತಲೇ ಕೇಳಿಸುತ್ತದೆ. ನಾನು ನಕ್ಷೆಯನ್ನು ಅವನ ಮೂಗಿಗೆ ಹಿಡಿದೆ. “ಕಲ್ಲು ಎಲ್ಲೈತೆ ನೋಡ್ಕೊ ಬೋರಣ್ಣ.”

“ಕಲ್ಲು ಎಲ್ಲಾರ ಇರ್ಲಿ ಕಣ್ಲಾ. ನೀರಿಗೆ ನಿನ್ ನಕ್ಸೆ ಓದಕ್ಕೆ ಬತ್ತದಾ?”

ಅವನು ಹೋದ ಮೇಲೆ ಜಯಕ್ಕನಿಗೆ, “ಬದು ಒತ್ತಕ್ಕೆ ನೋಡ್ತಾವ್ನೆ ಅಕ್ಕ, ಹುಷಾರು” ಅಂದೆ. ಅವತ್ತಿನಿಂದ ಜಯಕ್ಕ ಬೋರಣ್ಣನ ಮನೆಯ ಮಜ್ಜಿಗೆ ಕುಡಿಯುವುದನ್ನೂ ಬಿಟ್ಟರು.

ಇನ್ನೊಂದು ಘನಕಾರ್ಯ ಹೇಳಬೇಕು. ತಳಪಾಯದ ತೇವ ಗೋಡೆಗೆ ಏರದಂತೆ ನಡುವೆ ಹಾಕುವ ಸಿಮೆಂಟಿನ ಪದರಕ್ಕೆ ಡಿಪಿಸಿ ಅನ್ನುತ್ತಾರೆ. ಸಿಮೆಂಟ್ ಮುಟ್ಟುವುದಿಲ್ಲ ಎಂಬ ವ್ರತದಲ್ಲಿದ್ದ ನಾನು ಅದನ್ನೂ ಬಿಟ್ಟಿದ್ದೆ.

ಜೂನ್ ಕೊನೆಗೆ ಹಳೆ ಹೆಂಚು ಹೊದಿಸಿದೆವು. ಆಗಸ್ಟ್ ಮೊದಲ ವಾರ ಮನೆ ಬಿಡುತ್ತೇನೆಂದು ಜಯಕ್ಕ ಬಾಡಿಗೆ ಮನೆಯ ಮಾಲೀಕರಿಗೆ ಹೇಳಿಬಿಟ್ಟರು. ಮಾಲೀಕರು ಆ ಮನೆಯನ್ನು ಬೇರೆಯವರಿಗೆ ಒಪ್ಪಿಸಿದ್ದೂ ಆಯಿತು. ಜುಲೈ ಮೂರನೇ ವಾರ ನಾಲೆಗೆ ನೀರು ಬಂತು. ಬಯಲಿಗೆಲ್ಲ ಜೀವ ಬಂತು. ನಾನೂ ನಾಲೆಯ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡೆ.

ಬೋರಣ್ಣ ನಾಟಿಗೆಂದು ಗದ್ದೆಗೆ ನೀರು ತುಂಬಿಸಿದ ಎರಡನೇ ದಿನ ಅಡುಗೆಮನೆಯ ಗೋಡೆಯ ಬುಡ ಕಪ್ಪಾಯಿತು. ನಾಲ್ಕು ಬೆರಳೆತ್ತರ. ಬತ್ತಿ ಎಣ್ಣೆ ಹೀರಿದ ಹಾಗೆ ಮಣ್ಣು ಕೆಳಗಿನಿಂದ ನೀರು ಹೀರುತ್ತಿತ್ತು. ಪುಸ್ತಕದಲ್ಲಿ ಇದಕ್ಕೆ ಕ್ಯಾಪಿಲರಿ ರೈಸ್ ಅನ್ನುತ್ತಾರೆ. ನಾನು ವಿಜ್ಞಾನಿಯ ಹಾಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದೆ.

ಬೋರಣ್ಣ ತಾನೇ ಬಂದ. ಗೋಡೆ ಮುಟ್ಟಿ ನೋಡಿ ಜಯಕ್ಕನ ಕಡೆ ತಿರುಗಿದ. “ಅಡ್ಗೆಮನೆ ಇವತ್ತೇ ಕೆಡುವ್ಸವ್ವ. ಕಾಲುವೆ ಬುಡ್ಸಾನ. ಎಲ್ಡು ರೂಮಾದ್ರೂ ಉಳ್ಕತವೆ. ಒಟ್ಲು ಬಲ್ತೋಯ್ತಾ ಐತೆ, ನಾಟಿ ನಿಲ್ಸಕ್ಕೆ ನನ್ ಕೈಲಿ ಆಗಕಿಲ್ಲ.” ಒಟ್ಲು ಅಂದರೆ ಪಂಪಿನ ನೀರಲ್ಲಿ ಮೊದಲೇ ಬೆಳೆಸಿಟ್ಟ ಭತ್ತದ ಸಸಿ. ಬಲಿತರೆ ನಾಟಿಗೆ ಬಾರದು.

ಜಯಕ್ಕ ನನ್ನ ಮುಖ ನೋಡಿದರು. “ಏನಪ್ಪಾ ಮಾಡನ? ನೀನು ಹೇಳ್ದಂಗೆ.”

ಹೌದು ಅಂದಿದ್ದರೆ ಆ ಗಳಿಗೆಯಲ್ಲೇ ಅವರು ಗುದ್ದಲಿ ಎತ್ತುತ್ತಿದ್ದರು. ಆದರೆ ಹೌದು ಅಂದರೆ ತಜ್ಞ ನಾನಲ್ಲ, ಬೋರಣ್ಣ. ನಾನು ಗಡ್ಡ ನೀವಿಕೊಂಡು, “ಒಣಗುತ್ತೆ ಅಕ್ಕ. ಮಣ್ಣಿನ ಮನೆ ಉಸಿರಾಡುತ್ತೆ” ಅಂದೆ. ನೀರು ಆಚೆ ಹೋಗಲೆಂದು ನಾಲ್ಕಿಂಚಿನ ಪೈಪು ಹೂಳಿಸಿದೆ. ಅಷ್ಟು ದೊಡ್ಡ ಬಯಲಿನ ನೀರಿಗೆ ನಾಲ್ಕಿಂಚು! ಆನೆಗೆ ಸ್ಟ್ರಾ ಹಾಕಿ ಎಳನೀರು ಕೊಟ್ಟ ಹಾಗೆ.

ಮರುದಿನ ಗೆರೆ ಒಂದು ಗೇಣು ದಾಟಿತು. ಮೂರನೇ ದಿನ ಮೊಣಕಾಲು. ಅಡುಗೆಮನೆ ದಾಟಿ ರೂಮಿನ ಗೋಡೆಗಳಿಗೂ ಕಪ್ಪು ಹರಡಿತ್ತು. ನಾಲ್ಕನೇ ದಿನ ಬೆಳಿಗ್ಗೆ ಗೋಡೆ ಬಸುರಿಯ ಹಾಗೆ ಹೊಟ್ಟೆ ಬಿಟ್ಟಿತ್ತು. ಬೋರಣ್ಣ ನಾಟಿಯ ಆಳುಗಳನ್ನು ಕೆಸರಿನಿಂದಲೇ ಎಬ್ಬಿಸಿಕೊಂಡು ಬಂದ. ಭಾರ ಇಳಿಸಲು ಎಲ್ಲರೂ ಸಾಲಾಗಿ ನಿಂತು ಹೆಂಚು ಇಳಿಸಿದೆವು. ಅರ್ಧ ಇಳಿಯುವಷ್ಟರಲ್ಲಿ ಬೋರಣ್ಣ, “ಆಚ್ಗೆ ಬನ್ರಲಾ!” ಅಂತ ಕೂಗಿದ.

ಸದ್ದೇ ಆಗಲಿಲ್ಲ. ಸುಸ್ತಾದವರು ನೆಲಕ್ಕೆ ಕೂರುವ ಹಾಗೆ ಗೋಡೆ ಕೂತಿತು. ಅಡುಗೆಮನೆ, ಅದರ ಹಿಂದೆ ಒಂದು ರೂಮು, ಸಂಜೆಯ ಹೊತ್ತಿಗೆ ಇನ್ನೊಂದು.

ನಾನು ತಮಾಷೆ ಮಾಡಿ ಬದುಕುವವನು. ಅವತ್ತು ಒಡೆಯದ ಹೆಂಚು ಆರಿಸಿ ಜೋಡಿಸುತ್ತಾ ಕೂತೆ. ಬೋರಣ್ಣನೇ ತಪ್ಪು ಮಾಡಿದವನ ಹಾಗೆ ನಿಂತಿದ್ದ. “ನಾನ್ ನೀರು ಕಟ್ಟದೆ ಇರಕ್ಕೆ ಆಯ್ತಿತ್ತಾ, ಯೋಳವ್ವ” ಅಂದ. ಜಯಕ್ಕ, “ನಿಂದೇನಿಲ್ಲ ಬುಡಣ್ಣ” ಅಂದರು. ನನ್ನ ಕಡೆ ನೋಡಲಿಲ್ಲ. ಮುಂದಿನ ವಾರ ಮಂಡ್ಯದಲ್ಲಿ ಎಂಟನೇ ಬಾಡಿಗೆ ಮನೆಗೆ ಅವರ ಸಾಮಾನು ಹೊತ್ತು ಹಾಕಿದವನು ನಾನೇ. ಮತ್ತೆ ಕಟ್ಟೋಣವೆಂದು ನಾನೂ ಅನ್ನಲಿಲ್ಲ, ಅವರೂ ಅನ್ನಲಿಲ್ಲ. ಮತ್ತೆ ತುಳಿಯಲು ಅವರ ಕಾಲಲ್ಲಿ ಶಕ್ತಿ ಉಳಿದಿರಲಿಲ್ಲ.

ಹೊರಡುವಾಗ ಒಂದೇ ಮಾತು ಕೇಳಿದರು. “ಇನ್ ಮುಂದೆನೂ ಮನೆ ಕಟ್ಸ್ತೀಯಾ?”

“ಗೊತ್ತಿಲ್ಲ ಅಕ್ಕ.”

“ಕಟ್ಸು. ಯಾರಾದ್ರೂ ಕೇಳ್ಕೊಂಡು ಬಂದ್ರೆ, ಮೊದ್ಲು ನನ್ ಜಾಗಕ್ಕೆ ಕರ್ಕೊಂಡೋಗಿ ತೋರ್ಸು.”

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ನಾಲೆಯ ಕೆಳಗಿನ ಜಾಗವನ್ನು ಬೇಸಿಗೆಯಲ್ಲಿ ನೋಡಿ ಒಪ್ಪಬೇಡಿ, ನಾಟಿ ಕಾಲದಲ್ಲಿ ಹೋಗಿ ನೋಡಿ. ನಕ್ಷೆ ಬಿಚ್ಚುವ ಮೊದಲು ಮೇಲಿನ ಗದ್ದೆಯವರನ್ನು ಕೇಳಿ. ಕೆಡವಬೇಕಾದ್ದನ್ನು ಅವತ್ತೇ ಕೆಡವಿ. ನಾನು ಮಾನ ಕಾಯ್ದುಕೊಂಡ ಮೂರು ದಿನದಲ್ಲಿ ಎರಡು ರೂಮು ಹೋದವು.

ಜಯಕ್ಕನ ಮಾತನ್ನು ನಡೆಸಿಕೊಂಡು ಬಂದಿದ್ದೇನೆ. ಇಲ್ಲಿಯವರೆಗೆ ಐದು ಜನ ಬಂದರು. ಐವರನ್ನೂ ಅಲ್ಲಿಗೆ ಕರೆದುಕೊಂಡು ಹೋಗಿ, ಹುಲ್ಲು ಮೊಳೆತ ಮಣ್ಣಿನ ಗುಡ್ಡೆ ತೋರಿಸಿ, “ಇದು ನಾನು ಕಟ್ಟಿಸಿದ ಮನೆ” ಅಂದೆ. ಯಾರೂ ಮತ್ತೆ ಫೋನ್ ಮಾಡಿಲ್ಲ.