ಬ್ಯಾಂಕಿಗೆ ಬಂದ ಭಂಡಾರ

ನಮ್ಮ ಆಸ್ಪತ್ರೆಯ ನರ್ಸ್ ರೇಣುಕಾ ಅತ್ತದ್ದನ್ನು ನಾನು ಕಂಡಿಲ್ಲ. ಸಿಟ್ಟಾದದ್ದನ್ನು ಬೇಕಾದಷ್ಟು ಕಂಡಿದ್ದೇನೆ. ಆ ಸಿಟ್ಟೇ ಅವಳನ್ನು ಕಾಪಾಡಿತು ಎನ್ನುವವಳು ನಾನು.

2004ರಲ್ಲಿ ಅವಳೂ ಗಂಡ ಯುವರಾಜನೂ ಜಂಟಿ ಸಾಲ ತೆಗೆದು ಇಂಡಿ ಪಟ್ಟಣದಲ್ಲಿ ಮನೆ ಕಟ್ಟಿಸಿದ್ದರು. ಆಮೇಲೆ ಸಂಸಾರ ಮುರಿಯಿತು, ಕೋರ್ಟು ವಿಚ್ಛೇದನ ಕೊಟ್ಟಿತು. ಮನೆಯ ಮಾತನ್ನು ಮಾತ್ರ ಹಿರಿಯರು ಅಮೋಘಸಿದ್ಧನ ಗುಡಿಯಲ್ಲಿ ಮುಗಿಸಿದರು: ಮನೆ ಯುವರಾಜನಿಗೆ, ಸಾಲದ ಕಂತೂ ಅವನದೇ. ಅವನು ಭಂಡಾರ, ಅಂದರೆ ದೇವರ ಅರಿಶಿನ, ಮುಟ್ಟಿ ಆಣೆ ಮಾಡಿದ. ಭಂಡಾರ ಮುಟ್ಟಿದ ಮೇಲೆ ಕಾಗದ ಕೇಳಿದರೆ ನಮ್ಮ ಕಡೆ ಹಿರಿಯರಿಗೆ ಅವಮಾನ. ರೇಣುಕಾ ಕೇಳಲಿಲ್ಲ.

ನಿಡಗುಂದಿಗೆ ವರ್ಗವಾದ ಮೇಲೆ ಅಲ್ಲೊಂದು ಪುಟ್ಟ ಮನೆ ಕೊಳ್ಳಲು ಸಾಲ ಕೇಳಿದಳು. ಸಿಗಲಿಲ್ಲ. ಯುವರಾಜ ಕಂತು ಕಟ್ಟುವುದನ್ನು ನಿಲ್ಲಿಸಿದ್ದ. ಬಾಕಿದಾರಳೆಂದು ಇವಳ ಹೆಸರೂ ಕೆಟ್ಟಿತ್ತು. ನನ್ನನ್ನೂ ಎಳೆದುಕೊಂಡು, ಆ ಜಂಟಿ ಸಾಲ ಕೊಟ್ಟಿದ್ದ ಇಂಡಿಯ ಬ್ಯಾಂಕಿಗೆ ಹೋದಳು.

“ಅವ್ರು ಭಂಡಾರ ಮುಟ್ಯಾರ್ರಿ ಸಾಹೇಬ್ರ.”

“ಮುಟ್ಟಿರಬಹುದ್ರಿ ಸಿಸ್ಟರ್,” ಎಂದರು ಮ್ಯಾನೇಜರು. “ಕೋರ್ಟ್ ನಿಮ್ಮ ಲಗ್ನ ಬಿಡಿಸೈತಿ, ಸಾಲ ಬಿಡಿಸಿಲ್ಲ. ನಿಮ್ಮ ಜಾಗಾಕ್ಕ ಇನ್ನೊಬ್ರು ಸಹಿ ಮಾಡ್ಬೇಕು, ಇಲ್ಲಾ ಮನಿ ಮಾರಿ ಸಾಲ ತೀರಸ್ಬೇಕು.”

ಬೇರೆಯವರಾಗಿದ್ದರೆ ಹಣೆ ಹಣೆ ಬಡಿದುಕೊಳ್ಳುತ್ತಿದ್ದರು. ಇವಳು ಹೆಸರು ಇನ್ನಷ್ಟು ಕೆಡದಿರಲೆಂದು ಬಾಕಿ ಕಂತುಗಳನ್ನು ಹಲ್ಲು ಕಚ್ಚಿ ತಾನೇ ತುಂಬಿದಳು. ಮುಂದಿನ ವಾರ ಯುವರಾಜನನ್ನೂ ನ್ಯಾಯ ಹೇಳಿದ್ದ ಹಿರಿಯರನ್ನೂ ಅದೇ ಬ್ಯಾಂಕಿಗೆ ಕರೆಸಿದಳು. ರುಮಾಲಿನ ಹಿರಿಯರು ಬೆಂಚಿನ ಮೇಲೆ ಬೀಗರಂತೆ ಗತ್ತಿನಿಂದ ಕುಳಿತರು. ರೇಣುಕಾ ಭಂಡಾರದ ಪೊಟ್ಟಣ ತೆಗೆದು ಮ್ಯಾನೇಜರ ಮೇಜಿನ ಮೇಲಿಟ್ಟಳು.

“ಅಮಸಿದ್ದ ಕಾಕಾ,” ಎಂದಳು ಯುವರಾಜನ ಚಿಕ್ಕಪ್ಪನಿಗೆ, “ಇವರ ಮಾತಿಗೆ ನಾವದೀವಿ ಅಂದಿದ್ರಿ. ನನ್ನ ಜಾಗಾಕ್ಕ ನೀವು ಸಹಿ ಮಾಡ್ರಿ.”

ಅಮಸಿದ್ದ ಪೆನ್ನು ನೋಡಿ ಕೆಮ್ಮಿದ. “ನನಗ ವಯಸ್ಸಾಗೈತಿ ಯವ್ವಾ...”

“ಆಣಿ ನಂಬು ಅಂತ ನನಗ ಹೇಳುಮುಂದ ಆಗಿರಲಿಲ್ಲೇನ್ರಿ?”

ಉಳಿದವರು ಗೋಡೆ ನೋಡಿದರು. ತನ್ನವರೇ ತನ್ನನ್ನು ನಂಬುವುದಿಲ್ಲವೆಂದು ಯುವರಾಜನಿಗೆ ಆಗ ತಿಳಿಯಿತು; ಅವನ ಮುಖ ಬಾಡಿತು. ನನಗೇನೂ ಅಯ್ಯೋ ಎನಿಸಲಿಲ್ಲ.

“ಮನಿ ಮಾರ್ತೇನಿ,” ಎಂದ.

“ಬಾಯಿಲೆ ಬ್ಯಾಡ. ಸಾಹೇಬ್ರ ಮುಂದ ಬರದು ಕೊಡ್ರಿ.”

ಬರೆದುಕೊಟ್ಟ. ಮನೆ ಮಾರಿ ಸಾಲ ತೀರುವವರೆಗೂ ಅವಳು ಅವನ ಬೆನ್ನು ಬಿಡಲಿಲ್ಲ. ಬಾಕಿ ಇಲ್ಲವೆಂಬ ಪತ್ರವನ್ನು ತಾನೇ ಹೋಗಿ ಇಸಿದುಕೊಂಡಳು.

ಮರುವರ್ಷ ನಿಡಗುಂದಿಯಲ್ಲಿ ಮತ್ತೆ ಸಾಲ ಕೇಳಿದಾಗ ಅಧಿಕಾರಿ ತಲೆ ಎತ್ತದೆ ವಿಚಾರಿಸಿದ: “ಜೋಡಿ ಸಹಿ ಯಾರದ್ರಿ?”

“ಯಾರದೂ ಇಲ್ರಿ,” ಎಂದಳು ರೇಣುಕಾ, ಪೆನ್ನಿಗೆ ಕೈ ಚಾಚಿ. “ನಾ ಒಬ್ಬಾಕಿನ ಅದೇನಿ.”