ಗಿಡ್ಡ ಡೇಲಿಯಾಕ್ಕೆ ಕಬ್ಬಿಣದ ಆಸರೆ

ನಮ್ಮ ಚಿಕ್ಕಮ್ಮ ಬೆಳೆಸುತ್ತಿದ್ದದ್ದು ಗಿಡ್ಡ ಜಾತಿಯ ಡೇಲಿಯಾ. ಮೊಣಕಾಲೆತ್ತರವೂ ಬರದ ಆ ಗಿಡಗಳಿಗೆ ಆಸರೆ ಬೇಕಿಲ್ಲ. ಆದರೂ ಪ್ರತಿ ಬುಡಕ್ಕೂ ಒಂದು ಕಬ್ಬಿಣದ ಸರಳು ನೆಟ್ಟಿದ್ದಳು. "ನಿನ್ನ ತಲೇಲಿ ಬರೀ ಮಣ್ಣೇ" ಎಂದು ಹಂಗಿಸುತ್ತಾ ಅವನ್ನು ವರ್ಕ್‌ಶಾಪಿನಿಂದ ಕತ್ತರಿಸಿ ತಂದಿದ್ದವನು ಚಿಕ್ಕಪ್ಪನೇ. ದಿನಾ ಬೆಲ್ಟಿನಿಂದ ಅವಳ ಬೆನ್ನು ಸುಲಿಯುತ್ತಿದ್ದ ಪಾಪಿಯೂ ಅವನೇ.

ಒಂದು ಬೆಳಿಗ್ಗೆ ಅವಳು ಗಿಡದ ಕುಡಿ ಚಿವುಟುತ್ತಿದ್ದಾಗ ಅವನು ಜುಟ್ಟು ಹಿಡಿದೆಳೆದು ಪಾತಿಗೇ ಕೆಡವಿದ. ಬೂಟುಗಾಲಲ್ಲಿ ಹೂವನ್ನೂ ಅವಳ ಪಕ್ಕೆಯನ್ನೂ ತುಳಿದ. ಬಿದ್ದಲ್ಲೇ ಅವಳ ಕೈಗೆ ಸರಳು ಸಿಕ್ಕಿತು. ಮೊದಲ ಏಟಿಗೆ ಅವನ ಮೊಣಕಾಲಿನ ಚಿಪ್ಪು ಒಡೆಯಿತು, ಮುಂದಿನದಕ್ಕೆ ಬಲಗೈ ಮೂಳೆ ಮುರಿಯಿತು.

ಈಗ ಅವನು ಕೋಲೂರಿ ನಡೆಯುತ್ತಾನೆ.

"ಅಷ್ಟು ಸಣ್ಣ ಗಿಡಕ್ಕೆ ಆಸರೆ ಯಾಕೆ ಬೇಕಿತ್ತು, ಚಿಕ್ಕಮ್ಮ?" ಎಂದು ಕೇಳಿದೆ.

ಸರಳನ್ನು ಒರೆಸಿ ಮತ್ತೆ ಅದೇ ಬುಡಕ್ಕೆ ನೆಡುತ್ತಾ ಅವಳೆಂದಳು, "ಗಿಡಕ್ಕೆ ಅಂತ ಯಾರು ಹೇಳಿದ್ದು?"