ಊರಿಗಿಂತ ಮೊದಲು ಹಾಡು ಕೇಳುವ ಪೇಚ್ಚಿಯಮ್ಮಾಳ್

ಬೆಳಕು ಹರಿಯಲು ಇನ್ನೂ ಹೊತ್ತಿದೆ. ವೇಪ್ಪಂಕುಳಂ ಊರಿನ ತೆಂಕಣ ಬೀದಿಯಲ್ಲಿ ಮಗುವೊಂದರ ಕಿವಿ ಚುಚ್ಚುವ ಶಾಸ್ತ್ರ. ಅಡುಗೆಯವರು ಆಗಲೇ ಒಲೆ ಹಚ್ಚಿದ್ದಾರೆ. ಚಪ್ಪರದ ಮೂಲೆಯಲ್ಲಿ ಪೇಚ್ಚಿಯಮ್ಮಾಳ್ ತಮ್ಮ ದೊಡ್ಡ ಹಾರ್ನ್ ಸ್ಪೀಕರಿನ ಬಾಯಿಗೆ ಗೋಣಿಚೀಲ ತುರುಕಿ, ಅದಕ್ಕೆ ಕಿವಿಯಾನಿಸಿ ಕೂತಿದ್ದಾರೆ. ನಿನ್ನೆ ಸಂಜೆ ಮದ್ರಾಸಿನಲ್ಲಿ ಬಿಡುಗಡೆಯಾದ ಹೊಸ ಸಿನಿಮಾದ ಹಾಡುಗಳು ಒಂದಾದ ಮೇಲೊಂದು ಒಳಗೆ ಸಣ್ಣಗೆ ಓಡುತ್ತಿವೆ. ಐದನೆಯ ಹಾಡಿಗೆ ಅವರ ಹುಬ್ಬು ಗಂಟಿಕ್ಕುತ್ತದೆ. ಹಿಂದಕ್ಕೆ ಓಡಿಸಿ ಮತ್ತೆ ಕೇಳುತ್ತಾರೆ. ತಾಳೆಬೆಲ್ಲದ ಕಾಫಿಯ ಲೋಟವನ್ನು ಪಕ್ಕಕ್ಕೆ ಕುಕ್ಕಿ, "ಇಟ್ಟಿದಾರೆ ನೋಡು, ಮತ್ತೆ ಬತ್ತಿ ಇಟ್ಟಿದಾರೆ" ಎಂದು ಹಲ್ಲು ಕಡಿಯುತ್ತಾರೆ.

ಸುತ್ತಲಿನ ಹಳ್ಳಿಗಳಲ್ಲಿ ಮದುವೆಯಿರಲಿ, ಹೆಣ್ಣುಮಗು ಮೈನೆರೆದ ಶಾಸ್ತ್ರವಿರಲಿ, ಪೇಚ್ಚಿಯಮ್ಮಾಳರ 'ರೇಡಿಯೋ ಸೆಟ್', ಅಂದರೆ ಹಾಡು ಹಾಕುವ ಧ್ವನಿವರ್ಧಕ, ಬರಬೇಕು. ಹೊಸ ಸಿನಿಮಾದ ಹಾಡುಗಳು ಬಂದ ಮರುದಿನವೇ ಅವು ಚಪ್ಪರದಲ್ಲಿ ಮೊಳಗದಿದ್ದರೆ ಮನೆಯವರಿಗೆ ತಲೆತಗ್ಗಿಸಿದಂತೆ. ಎಲ್ಲರೂ ಖುಷಿಗೆ ಕೇಳುವ ಹಾಡನ್ನು ಈಕೆ ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಕೇಳುತ್ತಾರೆ. ಹುಡುಕುವುದು ಕತ್ತಿ, ಮೀಸೆ, ರಕ್ತ, ವಂಶ ಇಂಥ ಮಾತುಗಳನ್ನು. ಎಲ್ಲಕ್ಕಿಂತ ಕೆಟ್ಟದ್ದು 'ನಾವು ಆಳಿದ ಮನೆತನ' ಎನ್ನುವ ಮಾತು. ಊರಿನ ಬಡಗಣ ಬೀದಿಯವರು ಒಂದು ಜಾತಿ, ತೆಂಕಣ ಬೀದಿಯವರು ಇನ್ನೊಂದು. ಆಳಿದವರು ತಾವೇ ಎಂದು ಇಬ್ಬರದೂ ಹಟ. ಒಬ್ಬರ ಬೀದಿಯಲ್ಲಿ ಇನ್ನೊಬ್ಬರು ಆ ಮಾತು ಮೊಳಗಿಸಿದರೆ ಕಲ್ಲು ಬೀಳುವುದು ಖಂಡಿತ.

ಪೇಚ್ಚಿಯಮ್ಮಾಳ್ ಯಾವ ಬೀದಿಯವರು ಎಂದು ಓದುಗರಿಗೆ ಕುತೂಹಲ ಹುಟ್ಟಿರಬಹುದು. ಹುಟ್ಟಿದ್ದರೆ ನುಂಗಿಕೊಳ್ಳಿ. ಆ ಪ್ರಶ್ನೆಯೇ ಈ ಊರನ್ನು ಹಾಳುಮಾಡಿರುವುದು.

ಗೋಣಿಚೀಲದ ಉಪಾಯ ಸುಮ್ಮನೆ ಹುಟ್ಟಿದ್ದಲ್ಲ. ಮೊದಲು ಸೆಟ್ ನಡೆಸುತ್ತಿದ್ದವರು ಗಂಡ ಮಾಡಸಾಮಿ. ಅವರೂ ಹೊಸ ಹಾಡನ್ನು ಕೇಳದೆ ಹಾಕಿದವರಲ್ಲ. ಆದರೆ ಕೇಳಿದ್ದು ಮೊಬೈಲಿನಲ್ಲಿ, ಕಿವಿಗೆ ಸಿಕ್ಕಿಸಿಕೊಂಡು. ಅಲ್ಲಿ ತಮಟೆಯ ಅಬ್ಬರದಡಿ ಹಿಮ್ಮೇಳದವರ ಕೂಗು ಮುಚ್ಚಿಹೋಗಿತ್ತು. ಹಾರ್ನ್ ಬೇರೆ ಜಾತಿಯ ಪ್ರಾಣಿ. ಅದು ತಮಟೆಯ ಗುಡುಗನ್ನು ನುಂಗಿ ಮನುಷ್ಯರ ದನಿಯನ್ನೇ ಎತ್ತಿ ಎಸೆಯುತ್ತದೆ. ತೆಂಕಣ ಬೀದಿಯ ಮದುವೆಯಲ್ಲಿ ಹಾಕಿದ ಹಾಡಿನ 'ಆಳಿದ ಮನೆತನ' ಬಡಗಣ ಬೀದಿಯ ಕೊನೆಯ ಮನೆಯವರೆಗೂ ಸ್ಪಷ್ಟವಾಗಿ ಕೇಳಿಸಿತು. ಮಧ್ಯಾಹ್ನದೊಳಗೆ ಸೆಟ್ ಪುಡಿಯಾಯಿತು, ಎರಡು ಗುಡಿಸಲು ಸುಟ್ಟುಹೋದವು.

ಠಾಣೆಯವರು ಎಳೆದೊಯ್ದದ್ದು ಮಾಡಸಾಮಿಯನ್ನು. ಅಲ್ಲಿ ಬಿದ್ದ ಏಟಿಗೆ ಎಡಗಿವಿ ಹೋಯಿತು. ಮೊಕದ್ದಮೆ ಇನ್ನೂ ನಡೆಯುತ್ತಲೇ ಇದೆ. ಆ ಹಾಡಿಗೋ, ಮದ್ರಾಸಿನ ದೊಡ್ಡ ವೇದಿಕೆಯಲ್ಲಿ ಆ ವರ್ಷದ ಜನಮೆಚ್ಚಿದ ಹಾಡೆಂಬ ಬಹುಮಾನ ಬಂತು. "ಬರೆದೋನಿಗೆ ಶಾಲು, ಹಾಡಿದೋನಿಗೆ ಶಾಲು. ಹಾಕಿದೋನಿಗೆ ಲಾಠಿ" ಎನ್ನುತ್ತಾರೆ ಪೇಚ್ಚಿಯಮ್ಮಾಳ್. "ಇಷ್ಟು ಜನ ಸೇರ್ಕೊಂಡು ಒಂದು ಹಾಡು ಮಾಡ್ತಾರಲ್ಲ, ಅವರಲ್ಲಿ ಒಬ್ಬನಿಗೂ ಕಿವಿ ಇರಲ್ವಾ? ಆ ಕೆಲಸಾನೂ ನಾನೇ ಮಾಡ್ಬೇಕಾ?"

ಮಾಡಬೇಕಾದದ್ದು ಪೇಚ್ಚಿಯಮ್ಮಾಳ್ ಅಲ್ಲವೇ ಅಲ್ಲ. ತಣ್ಣನೆಯ ಕೋಣೆಯಲ್ಲಿ ಕೂತು ಇಂಥ ಮಾತನ್ನು ಹಾಡಿಗೆ ತುರುಕುವವರಿಗೆ ಅದರಿಂದ ಏನಾಗುತ್ತದೆಂದು ಗೊತ್ತಿಲ್ಲದೆ ಇಲ್ಲ. ಗೊತ್ತಿದ್ದೇ ತುರುಕುತ್ತಾರೆ. ಬೆಂಕಿ ಹತ್ತಿದಷ್ಟೂ ಹಾಡು ಹೆಚ್ಚು ಓಡುತ್ತದೆ.

ಬಿಸಿಲೇರುವ ಹೊತ್ತಿಗೆ ಪೇಚ್ಚಿಯಮ್ಮಾಳ್ ಹಾರ್ನನ್ನು ಸಾಮಾನಿನ ಆಟೋದ ಮೇಲೆ ಕಟ್ಟಿಕೊಂಡು ಬಸ್ ನಿಲ್ದಾಣಕ್ಕೆ ಬರುತ್ತಾರೆ. ಸೋದರಮಾವ ಮಗುವಿಗೆ ಸೀರು, ಅಂದರೆ ಉಡುಗೊರೆ, ತರುವ ಮೆರವಣಿಗೆ ಇಲ್ಲಿಂದಲೇ ಹೊರಡುವುದು. ತಿರುಪ್ಪೂರಿನ ಬನಿಯನ್ ಕಾರ್ಖಾನೆಯಿಂದ ಬಂದಿರುವ ಸೋದರಮಾವ ಐಯಾದುರೈ ಹೊಸ ಪಂಚೆಯುಟ್ಟು ನಿಂತಿದ್ದಾನೆ. ಹಿಂದೆ ಹಣ್ಣು, ಬಟ್ಟೆಗಳ ತಟ್ಟೆ ಹೊತ್ತ ಹೆಂಗಸರು, ಹಾರ ಹಾಕಿಸಿಕೊಂಡ ಟಗರು. ತೆಂಕಣ ಬೀದಿಗೆ ಹೋಗಲು ಇರುವುದು ಒಂದೇ ದಾರಿ, ಬಡಗಣ ಬೀದಿಯ ನಡುವಿನದು.

"ಅಕ್ಕಾ, ಆ ಐದನೇ ಹಾಡು ಹಾಕು" ಎನ್ನುತ್ತಾನೆ ಐಯಾದುರೈ. "ಬಸ್ಸಲ್ಲಿ ದಾರಿಯುದ್ದಕ್ಕೂ ಅದನ್ನೇ ಕೇಳ್ಕೊಂಡ್ ಬಂದೆ. ಆ ತಾಳಕ್ಕೇ ನಾನು ಹೆಜ್ಜೆ ಹಾಕ್ಬೇಕು."

"ಆ ಹಾಡಿಲ್ಲ. ತೆಗೆದು ಹಾಕ್ದೆ."

"ತೆಗೆದು ಹಾಕಿದ್ಯಾ? ಇಡೀ ತಮಿಳುನಾಡೇ ಕೇಳ್ತಿದೆ, ನಿಂಗೊಬ್ಬಳಿಗೆ ಏನು ರೋಗ?"

"ಇಡೀ ತಮಿಳುನಾಡು ಬಡಗಣ ಬೀದಿ ದಾಟ್ಬೇಕಾಗಿಲ್ಲ ಕಣಪ್ಪಾ. ನೀನು ದಾಟ್ಬೇಕು."

"ದಾಟ್ತೀವಿ. ಹೆದರ್ಕೊಂಡು ದಾಟೋ ಜನ ಅಲ್ಲ ನಾವು!" ಅವನ ಗೆಳೆಯರು ಶಿಳ್ಳೆ ಹಾಕುತ್ತಾರೆ. ಐಯಾದುರೈ ತನ್ನ ಮೊಬೈಲನ್ನೇ ಸಿಕ್ಕಿಸಲು ಆಟೋದೊಳಗೆ ಕೈಹಾಕುತ್ತಾನೆ. ಪೇಚ್ಚಿಯಮ್ಮಾಳ್ ವೈರಿನ ತುದಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು, "ನನ್ನ ಕೈ ಮುರಿದು ತಗೋ" ಎನ್ನುತ್ತಾರೆ. ದನಿ ಏರಿಲ್ಲ. ಈ ಸೆಟ್ ಹೋದರೆ ಇನ್ನೊಂದು ಕೊಳ್ಳುವ ಶಕ್ತಿ ಆ ಮನೆಗಿಲ್ಲ. ಗಂಡನಿಗೆ ಉಳಿದಿರುವುದೂ ಒಂದೇ ಕಿವಿ.

ಆಗ ಮುಂದೆ ಬರುವವಳು ಐಯಾದುರೈಯ ತಾಯಿ ಸಂತಾನತ್ತಮ್ಮಾಳ್. ತಲೆಯ ಮೇಲೆ ಬಾಳೆಹಣ್ಣಿನ ತಟ್ಟೆ. "ಏಲೇ! ಮಗೂ ಕಿವಿ ಚುಚ್ಚಿಸೋಕೆ ಬಂದಿದೀಯೋ, ಊರೋರ ಕಣ್ಣು ಚುಚ್ಚೋಕೆ ಬಂದಿದೀಯೋ? ಮನೆತನ ಆಳಿದ್ನಂತೆ! ಕಟ್ಕೊಂಡ ಹೆಂಡ್ತಿ ನಿನ್ನ ಮಾತು ಕೇಳಲ್ಲ. ತಟ್ಟೆ ಹೊತ್ತು ಕತ್ತು ಬಿದ್ದೋಗ್ತಿದೆ, ನಡಿಯೋ ಮುಂದಕ್ಕೆ!" ತಟ್ಟೆ ಹೊತ್ತ ಹೆಂಗಸರೆಲ್ಲ ಗೊಳ್ಳೆಂದು ನಗುತ್ತಾರೆ. ಐಯಾದುರೈ ಕೆಂಪಗಾಗಿ ಕೈ ಹಿಂತೆಗೆಯುತ್ತಾನೆ. ಸೋದರಮಾವನ ಮೇಲಿನ ಹಳೆಯ ಹಾಡೊಂದು ಶುರುವಾಗಿ ಆಟೋ ಹೊರಡುತ್ತದೆ.

ಬಡಗಣ ಬೀದಿಯಲ್ಲಿ ಹುಡುಗರು ಬೈಕುಗಳ ಮೇಲೆ ಕಾದು ಕೂತಿದ್ದಾರೆ. ಹೊಸ ಹಾಡನ್ನು ಅವರೂ ಕೇಳಿದ್ದಾರೆ. ಹಳೆಯ ಹಾಡು ಹತ್ತಿರವಾದಾಗ ಅವರ ಮುಖದಲ್ಲಿ ಕಾಣುವುದು ನಿರಾಸೆಯೇ. "ಏನಕ್ಕಾ, ಹೊಸಾ ಹಾಡು ಸಿಗಲಿಲ್ವಾ? ನನ್ನ ಮದುವೇಗೆ ಬಾ, ನಾನೇ ಕೊಡ್ತೀನಿ" ಎಂದು ಒಬ್ಬ ಕೆಣಕುತ್ತಾನೆ. "ಹಾಡು ಹಾಗಿರ್ಲಿ, ಮೊದಲು ಹೆಣ್ಣು ಸಿಗುತ್ತಾ ನೋಡ್ಕೋ. ನಿನ್ನ ಮದುವೇಲೂ ಅದನ್ನ ಹಾಕಲ್ಲ" ಎನ್ನುತ್ತಾರೆ ಪೇಚ್ಚಿಯಮ್ಮಾಳ್. ಬೈಕಿನ ಹುಡುಗರೂ ನಗುತ್ತಾರೆ. ಮೆರವಣಿಗೆ ದಾಟಿಹೋಗುತ್ತದೆ.

ಏನೂ ಆಗುವುದಿಲ್ಲ. ಏನೂ ಆಗದ್ದು ಯಾವ ಪತ್ರಿಕೆಗೂ ಸುದ್ದಿಯಲ್ಲ. ಊರಿಗೂ ಅಲ್ಲ. ಮಗುವಿನ ಕಿವಿಗೆ ಚಿನ್ನ ಏರುತ್ತದೆ, ಜನ ಉಂಡು ಕೈತೊಳೆಯುತ್ತಾರೆ. ಊಟದ ಪಂಕ್ತಿಯಲ್ಲಿ ಐಯಾದುರೈ, "ಹೊಸಾ ಹಾಡು ಹಾಕೋಕೆ ಬರದ ಸೆಟ್ಟು" ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಾನೆ. ಅವತ್ತು ಅವನ ತಲೆ ಉಳಿದದ್ದು ಯಾರಿಂದ ಎಂದು ಹೇಳುವ ಒಬ್ಬನೇ ಒಬ್ಬ ಗಂಡಸು ಆ ಪಂಕ್ತಿಯಲ್ಲಿಲ್ಲ.

ಪೇಚ್ಚಿಯಮ್ಮಾಳ್ ಎಲೆಯ ಮುಂದೆ ಕೂತಾಗ ಮಧ್ಯಾಹ್ನ ಇಳಿದಿದೆ. ಹಾಡು ಮಾಡುವ ಮದ್ರಾಸಿನವರಿಂದ ಏನಾದರೂ ಬೇಕೇ ಎಂದು ಕೇಳಿದರೆ ಅನ್ನ ಕಲಸುತ್ತ ನಗುತ್ತಾರೆ. "ಹುಡುಗಿಯಾಗಿದ್ದಾಗ ಹೊಸಾ ಹಾಡು ಬಂತು ಅಂದ್ರೆ ಕೊಡ ಸೊಂಟದಲ್ಲಿ ಇಟ್ಕೊಂಡೇ ಟೀ ಅಂಗಡಿ ಎದುರು ನಿಂತ್ಬಿಡ್ತಿದ್ದೆ. ಅವ್ವ ಬಂದು ಜಡೆ ಹಿಡಿದು ಎಳ್ಕೊಂಡ್ ಹೋಗ್ಬೇಕಿತ್ತು" ಎನ್ನುತ್ತಾರೆ. ಆಮೇಲೆ ನಗು ನಿಲ್ಲುತ್ತದೆ.

"ಈಗ ನಂಗೆ ರಾಗವೇ ಕೇಳ್ಸಲ್ಲ, ಬರೀ ಮಾತು. ಆ ರಾಗಾನ ನನ್ನಿಂದ ಕಿತ್ಕೊಂಡ್ರು ಅವ್ರು. ಹೊಸಾ ಹಾಡು ಬಂದ ದಿನ ಒಂದ್ಸಲ ನಾನೂ ಎಲ್ಲರ ಹಾಗೆ ಕೇಳ್ಬೇಕು. ಯಾರ ಮನೆ ಉರಿಯುತ್ತೋ ಅಂತ ಯೋಚ್ನೆ ಮಾಡ್ದೆ."